ನೀಲಾ ಡಾಕ್ಟರ ಹೆರಿಗೆ ಮನೆ

…ಅಲ್ಲ ಸಾವಿತ್ರವ್ವ, ಈ ಮನೆ ಕೊಡುವುದಿಲ್ಲ ಅಂತಾದರೆ ಕೊಡುವುದಿಲ್ಲ ಅಂದುಬಿಡಿ, ಎದ್ದು ಹೋಗ್ತೇನೆ. ಮೂರನೇ ಸಲ ಬರ್ತಾ ಇದ್ದೇನೆ ನಾನು. ಮೂರು ಸಲವೂ ನೀವು ಹೀಗೇ, ತಲೆ ತಗ್ಗಿಸಿಕೊಂಡು ಮುರುಗಲ ಹಣ್ಣು ಒಡೆಯುತ್ತಾ ಕೂತಿರಿ. ಬೀಜ ಆ ಪಾತ್ರೆಗೆ, ಸಿಪ್ಪೆ ಒಣಗಲಿಕ್ಕೆ ಆಸ್ಪತ್ರೆಯ ಈ ಹಳೆ ಮಂಚಕ್ಕೆ. ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದೂ ಇಲ್ಲ. ಕೇಳಿದವನು ಎಂತ ಅಂತ ತಿಳಿದುಕೊಳ್ಳಬೇಕು?

ಕುರ್ಚಿ ಬೇಡ. ಈ ಮೆಟ್ಟಿಲೇ ಸಾಕು. ನೀರು?… ಕೊಡಿ, ಕುಡೀತೇನೆ. ಯಾಕೆ, ನಗು ಬಂತಾ? ಹೌದು, ಹೆಂಡತಿಯನ್ನು ಇಲ್ಲಿ ತೋರಿಸ್ತಿದ್ದಾಗ ಕುಡೀತಿರಲಿಲ್ಲ. ಮನೆಯಿಂದ ತಂಬಿಗೆಯಲ್ಲಿ ಹೊತ್ತುಕೊಂಡು ಬರ್ತಿದ್ದೆ. ಈ ದೇವರು ಹೆಗಡೆಯ ತಂಬಿಗೆ ಅಂದರೆ ಈ ಹೆರಿಗೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನೀವು ಒಮ್ಮೆ ನೀಲಾ ಡಾಕ್ಟರಮ್ಮನ ಹತ್ತಿರ ಹೇಳ್ತಾ ಇದ್ದಿರಿ, ‘ಇವರ ಹೆಂಡತಿಗೆ ಹೆರಿಗೆ ಮಾಡಿಸಬೇಕಾದರೆ ನಾವೂ ಮಡಿ ಉಟ್ಟುಕೊಂಡು ಬರಬೇಕೇನೋ ಅಮ್ಮ’ ಅಂತ. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದೆ. ಸಿಟ್ಟು ಬಂದಿತ್ತು. ಈಗ ಬರುವುದಿಲ್ಲ… ತಂಪಾಗಿದೆ ನೀರು. ಮೇ ತಿಂಗಳಲ್ಲೂ ಇಷ್ಟು ತಂಪು! ಈ ಬಾವಿ ನೋಡಿಯೇ ನನಗೆ ಈ ಜಾಗದ ಮೇಲೆ ಮನಸ್ಸಾದದ್ದು.

ಕಲ್ಲಯ್ಯ ನಿನ್ನೆ ಬಂದು ಅಳೆದುಕೊಂಡು ಹೋದನಲ್ಲ, ಗಾರೆ ಕೆಲಸದವನು. ಅವನಿಗೆ ಚಹಾ ಕೊಟ್ಟಿರಂತೆ, ಮಾತು ಮಾತ್ರ ಕೊಡಲಿಲ್ಲವಂತೆ. ಗೋಡೆ ಚಿರೆಕಲ್ಲಿನದು, ಇನ್ನೂ ನೂರು ವರ್ಷ ಅಲ್ಲಾಡುವುದಿಲ್ಲ ಅಂದ. ಹಂಚಿನ ಮಾಡು ಮಾತ್ರ ಪೂರ್ತಿ ಇಳಿಸಬೇಕು, ಮರವೆಲ್ಲ ಗೆದ್ದಲು ತಿಂದಿದೆ. ಹೆರಿಗೆ ಕೋಣೆಯ ಗೋಡೆ ಸೀಳಿಕೊಂಡು ಒಂದು ಅತ್ತಿ ಗಿಡ ಎದ್ದಿದೆ, ನೋಡಿದ್ದೀರಲ್ಲ? ಅದನ್ನು ಹಿಡಿದುಕೊಂಡು ನಿಂತು ಕಲ್ಲಯ್ಯ ಎಂತ ಹೇಳಿದ ಗೊತ್ತಾ? ‘ಹೆಗಡೇರ, ಬರೋ ಬಾಗಿಲಾನ ಹೋಗೋ ಬಾಗಿಲಾ ಮಾಡಾಕತ್ತೀರಿ ಬಿಡ್ರಿ. ಚೌಕಟ್ಟು ಬದಲಿ ಮಾಡೂದ ಬ್ಯಾಡ, ಖರ್ಚು ಉಳೀತು.’ ಬನವಾಸಿ ಕಡೆಯವನು, ಅವನ ನಾಲಿಗೆ ಹಾಗೇ.

ನಿಮಗೆ ಹಿಡಿಸಲಿಲ್ಲ ಆ ಮಾತು. ಸಾವಿರ ಮಕ್ಕಳು ಹುಟ್ಟಿದ ಮನೆಯನ್ನು ಸತ್ತವರ ತಿಥಿ ಮಾಡುವ ಮನೆ ಮಾಡ್ತಾನೆ ಈ ಮನುಷ್ಯ… ಅದೇ ಅಲ್ವಾ ನಿಮ್ಮ ಮನಸ್ಸಿನಲ್ಲಿ ಇರುವುದು? ಹೇಳ್ತೇನೆ, ಕೇಳಿ. ನಿಧಾನಕ್ಕೆ ಹೇಳ್ತೇನೆ. ಸಿದ್ದಾಪುರ ಪೇಟೆಯಲ್ಲಿ ಮದುವೆಗೆ ಹಾಲ್ ಇದೆ, ಉಪನಯನಕ್ಕೆ ಇದೆ, ಹುಟ್ಟುಹಬ್ಬಕ್ಕೂ ಇದೆ. ಸತ್ತವರಿಗೆ ಒಂದು ಮಾಡು ಇಲ್ಲ. ಬಾಡಿಗೆ ಮನೆಯಲ್ಲಿ ಇದ್ದವರು ತೀರಿಕೊಂಡರೆ ಹನ್ನೊಂದನೇ ದಿನ, ಹನ್ನೆರಡನೇ ದಿನ ಎಲ್ಲಿ ಮಾಡಬೇಕು? ಮಾಲಿಕ ಬಿಡುವುದಿಲ್ಲ. ಹೋಮದ ಹೊಗೆ, ಪಿಂಡ, ಕಾಗೆ… ಆಮೇಲೆ ಆ ಮನೆಗೆ ಬೇರೆ ಬಾಡಿಗೆಯವರು ಬರುವುದಿಲ್ಲ ಅಂತ ಅವನಿಗೆ ಹೆದರಿಕೆ. ಅದಕ್ಕೇ, ಅಪರಕ್ರಿಯೆಗೆ ಅಂತಲೇ ಒಂದು ಮನೆ. ಯಾವ ಜಾತಿಯವರೂ ಬರಲಿ. ಎಂಟು ಮಂಚ ಹಾಕಿದ್ದ ಆ ಉದ್ದ ಕೋಣೆ ಊಟಕ್ಕೆ. ಡಾಕ್ಟರಮ್ಮ ಕೂರ್ತಿದ್ದ ಕೋಣೆ ಅಡಿಗೆಗೆ. ಹೆರಿಗೆ ಕೋಣೆ…

ಹೆರಿಗೆ ಕೋಣೆಗೆ ಎಂತ ಅಂತ ಇನ್ನೂ ಯೋಚಿಸಿಲ್ಲ.

ಸ್ವರ್ಣವಲ್ಲಿ ಮಠಕ್ಕೆ ಹೋಗಿ ಮಂತ್ರಾಕ್ಷತೆ ತಂದಿದ್ದೇನೆ ಈ ಕೆಲಸಕ್ಕೆ. ಶಾಸ್ತ್ರದಲ್ಲೂ ಎರಡಕ್ಕೆ ದೊಡ್ಡ ವ್ಯತ್ಯಾಸ ಇಲ್ಲ ಸಾವಿತ್ರವ್ವ. ಹುಟ್ಟಿದರೆ ಪುರುಡು, ಹತ್ತು ದಿನ. ಸತ್ತರೆ ಸೂತಕ, ಅದೂ ಹತ್ತು ದಿನ. ನಮ್ಮ ಮನೆಗೆ ಎರಡೂ ಒಂದೇ ದಿನ ಬಂತು. ವೈಶಾಖ ಬಹುಳ ಬಿದಿಗೆ. ಮಧ್ಯಾಹ್ನ ಕೂಸು ಹುಟ್ಟಿತು, ದೀಪ ಹಚ್ಚುವ ಹೊತ್ತಿಗೆ ಅದರ ತಾಯಿ ಹೋದಳು. ಇಪ್ಪತ್ನಾಲ್ಕು ವರ್ಷ ಆಯ್ತು. ನಿಮಗೇ ಹೇಳ್ತಾ ಇದ್ದೇನೆ ನೋಡಿ… ಹೆರಿಗೆ ಮಾಡಿಸ್ತಾ ಒಳಗೇ ಇದ್ದವರಿಗೆ.

ಆದರೆ ಶ್ರೀಲಕ್ಷ್ಮಿಯ ಕ್ರಿಯೆ ಎಲ್ಲಿ ಮಾಡಿದೆ ಅಂತ ನಿಮಗೆ ಗೊತ್ತಿಲ್ಲ. ನನ್ನ ವಿಷಯದಲ್ಲಿ ನಿಮಗೆ ಗೊತ್ತಿಲ್ಲದ್ದು ಅದೊಂದೇ ಇರಬೇಕು.

ಆಗ ನಾನು ಆಸ್ತಿ ಪಾಲಾಗಿ, ಹಿಸ್ಸೆಯಾಗಿ ಮನೆಯಿಂದ ಹೊರಗೆ ಬಂದವನು. ಸೊಸೈಟಿಯಲ್ಲಿ ಅಡಿಕೆ ತೂಗುವ ಕೆಲಸ, ಎರಡು ಕೋಣೆಯ ಬಾಡಿಗೆ ಮನೆ. ಮಾಲಿಕ ಒಳ್ಳೆಯವನೇ. ‘ಹೆಗಡೇರೇ, ಮುಂದಿನ ವಾರ ಮಗಳ ನಿಶ್ಚಯ ಇದೆ, ಹತ್ತು ಹನ್ನೆರಡು ದಿನ ಎಲ್ಲಾದರೂ ನೋಡಿಕೊಳ್ಳಿ’ ಅಂದ. ಕೋಲಸಿರ್ಸಿಗೆ ಅಣ್ಣನ ಮನೆಗೆ ಹೋದೆ. ಅಣ್ಣನಿಗೂ ನನಗೂ ಹಿಸ್ಸೆಯ ದಿನದಿಂದ ಮಾತಿರಲಿಲ್ಲ. ಅತ್ತಿಗೆ ಬೇಲಿಯ ದಣಪೆಯ ಹತ್ತಿರ ಬಂದು ಅತ್ತಳು. ಒಳಗೆ ಬಾ ಅನ್ನಲಿಲ್ಲ. ಕಡೆಗೆ ಹೊಳೆಯ ದಂಡೆ. ನಾಲ್ಕು ಬಿದಿರ ಗಳ ಹುಗಿದು ತಾಡಪತ್ರಿ ಕಟ್ಟಿದೆ. ಗಾಳಿಗೆ ಬೆಂಕಿ ಹತ್ತುವುದಿಲ್ಲ, ಪುರೋಹಿತರು ಒಂದು ಕೈಯಲ್ಲಿ ಕೊಡೆ ಅಡ್ಡ ಹಿಡಿದುಕೊಂಡು ಮಂತ್ರ ಹೇಳಿದರು. ಪಿಂಡ ಇಟ್ಟು ಕಾದೆ. ಕಾಗೆ ಮುಟ್ಟಲಿಲ್ಲ. ಮರದ ಮೇಲೆ ಕೂತಿತ್ತು, ಕೆಳಗೆ ಇಳಿಯಲಿಲ್ಲ. ‘ಅವಳ ಮನಸ್ಸಿನಲ್ಲಿ ಎಂತದೋ ಉಳಿದಿದೆ, ನಡೆಸಿಕೊಡ್ತೇನೆ ಅಂತ ಮಾತು ಕೊಡು’ ಅಂದರು ಪುರೋಹಿತರು. ಕೂಸನ್ನು ಚೆನ್ನಾಗಿ ಸಾಕ್ತೇನೆ ಅಂದೆ. ಇನ್ನೊಂದು ಮದುವೆ ಆಗುವುದಿಲ್ಲ ಅಂದೆ. ಬರಲಿಲ್ಲ. ಇನ್ನೂ ಒಂದು ಮಾತು ಬಾಯಿಯ ತನಕ ಬಂದಿತ್ತು. ಅದನ್ನು ಹೇಳಲಿಲ್ಲ. ಪಿಂಡ ಕಡೆಗೆ ದನಕ್ಕೆ ಕೊಟ್ಟೆವು.

ಎಂತ ಮಾತು ಅಂತಲಾ? ಇರಲಿ ಬಿಡಿ.

ಆ ಹನ್ನೆರಡು ದಿನ ಕೂಸು ಎಲ್ಲಿತ್ತು? ಇಲ್ಲೇ. ನಿಮ್ಮ ಮಡಿಲಲ್ಲಿ. ಚಮಚದಲ್ಲಿ ಹಾಲು ಹಾಕಿದವರು ನೀವು. ಎಣ್ಣೆ ಹಚ್ಚಿ ಮೀಯಿಸಿದವರು ನೀವು. ಡಾಕ್ಟರಮ್ಮ ಒಂದು ದಿನಕ್ಕೂ ಇಷ್ಟು ಕೊಡಿ ಅಂತ ಕೇಳಲಿಲ್ಲ. ಕರೆದುಕೊಂಡು ಹೋಗಲಿಕ್ಕೆ ಬಂದ ದಿನ ಕೂಸು ನಿಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಒಂದೊಂದೇ ಬೆರಳು ಬಿಡಿಸಿ ಕೊಟ್ಟಿರಿ. ಆವತ್ತಿನಿಂದಲೇ ನೀವು ನನ್ನ ಹತ್ತಿರ ಮಾತಾಡಿಲ್ಲ ಅಲ್ವಾ?… ನಾನೇ ಗಮನಿಸಿರಲಿಲ್ಲ ನೋಡಿ.

ಅದೇ ಹನ್ನೆರಡು ದಿನದಲ್ಲಿ ಊರಲ್ಲಿ ಮಾತು ಹಬ್ಬಿತು. ನೀಲಾ ಡಾಕ್ಟರು ತಡ ಮಾಡಿದರಂತೆ. ಹೆಂಗಸು ಒಳಗೆ ಒದ್ದಾಡ್ತಾ ಇದ್ದರೆ ಸಹಿ ಇಲ್ಲ, ಸಹಿ ಇಲ್ಲ ಅಂತ ಕೂತರಂತೆ. ನಾನು ಹಬ್ಬಿಸಲಿಲ್ಲ ಸಾವಿತ್ರವ್ವ. ಸುಳ್ಳು ಹೇಳಿದ ನಾಲಿಗೆಯಲ್ಲ ಇದು. ಮೂವತ್ತೊಂದು ವರ್ಷ ಅಡಿಕೆ ತೂಗಿದ್ದೇನೆ, ಒಬ್ಬ ರೈತ ಬಂದು ತೂಕ ತಪ್ಪಿತು ಅಂದದ್ದಿಲ್ಲ. ಮಾತಾಡಿಸಲಿಕ್ಕೆ ಬಂದವರು ಕೇಳ್ತಿದ್ದರು, ‘ಎಂತ ಆಗಿಹೋಯ್ತು ಹೆಗಡೇರೇ?’ ‘ತಡ ಆಗಿಹೋಯ್ತು’ ಅಂತಿದ್ದೆ. ‘ಡಾಕ್ಟರು ತಡ ಮಾಡಿದರಾ?’ ನಾನು ಸುಮ್ಮನೆ ನೆಲ ನೋಡ್ತಾ ಕೂರ್ತಿದ್ದೆ. ಹೆಂಡತಿ ಸತ್ತವನನ್ನು ಯಾರು ಎರಡನೇ ಸಲ ಕೇಳ್ತಾರೆ? ಎದ್ದು ಹೋಗ್ತಿದ್ದರು. ಹೋಗ್ತಾ ದಾರಿಯಲ್ಲಿ ಅವರವರೇ ಪೂರ್ತಿ ಮಾಡಿಕೊಳ್ತಿದ್ದರು.

ಮೊದಲು ಕೋಲಸಿರ್ಸಿ ಕಡೆಯವರು ಬರುವುದು ನಿಂತಿತು, ಆಮೇಲೆ ಪೇಟೆಯವರು. ಎರಡು ವರ್ಷಕ್ಕೆ ಎಂಟೂ ಮಂಚ ಖಾಲಿ. ಬೋರ್ಡಿಗೆ ಯಾರೋ ಸಗಣಿ ಬಳಿದು ಹೋದರಲ್ಲ… ನೀವು ತೊಳೀತಾ ಇದ್ದಿರಿ. ಸೈಕಲ್ ಮೇಲೆ ಹೋಗ್ತಾ ನೋಡಿದೆ. ಇಳಿಯಲಿಲ್ಲ.

ಡಾಕ್ಟರಮ್ಮ ತೀರಿಕೊಂಡಾಗಲೂ ಬರಲಿಲ್ಲ ನಾನು. ಅವರಿಗೆ ಯಾರೂ ಇರಲಿಲ್ಲ, ನೀವೇ ಕೊಳ್ಳಿ ಇಟ್ಟಿರಿ ಅಂತ ಕೇಳಿದೆ. ಈ ಮನೆಯನ್ನೂ ನಿಮ್ಮ ಹೆಸರಿಗೇ ಬರೆದಿಟ್ಟು ಹೋದರು. ಸಾವಿತ್ರವ್ವ, ಇಲ್ಲಿ ಕೆಲಸ ಮುಗಿದ ದಿನ ಮೊದಲ ತಿಲೋದಕ ನಾನು ಡಾಕ್ಟರಮ್ಮನ ಹೆಸರಿನಲ್ಲಿ ಬಿಡ್ತೇನೆ. ಬರೆದು ಕೊಡ್ತೇನೆ ಬೇಕಾದರೆ… ಯಾಕೆ ಕೈ ನಿಂತಿತು? ಬಿಡಬಾರದಾ? ನಾನು ಬಿಟ್ಟರೆ ಅವರಿಗೆ ಮುಟ್ಟುವುದಿಲ್ಲ ಅಂತಲಾ?

ಆಯ್ತು. ಅದು ಬೇಡ. ಈಗ ನಿಮ್ಮ ವಿಷಯ ಮಾತಾಡುವ. ನಿಮ್ಮನ್ನು ಬೀದಿಗೆ ಹಾಕಿ ನಾನು ಮನೆ ಕಟ್ಟುವವನಲ್ಲ. ಶಿರಸಿಯಲ್ಲಿ ಒಂದು ಕೋಣೆ ನೋಡಿದ್ದೇನೆ. ಬಸ್ ಸ್ಟ್ಯಾಂಡಿಗೆ ಹತ್ತಿರ, ಆಸ್ಪತ್ರೆಗೂ ಹತ್ತಿರ, ನಳದ ನೀರು. ನಿಮ್ಮ ಕಡೆ ತನಕ ಬಾಡಿಗೆ ನನ್ನದು. ಸಾಮಾನು ಒಯ್ಯಲಿಕ್ಕೆ ಶನಿವಾರ ಬೆಳಿಗ್ಗೆ ಗಾಡಿ ಹೇಳಿದ್ದೇನೆ. ನಿಮ್ಮ ಮುರುಗಲ ಸಿಪ್ಪೆ ಒಂದು ಎಸಳೂ ಬಿಡುವುದಿಲ್ಲ, ನಾನೇ ನಿಂತು ತುಂಬಿಸ್ತೇನೆ…

ಅವಸರ ಎಂತಕ್ಕೆ ಅಂತ ಮುಖ ನೋಡ್ತೀರಾ? ಅವಸರ ಎಂತದೂ ಇಲ್ಲ. ಮಳೆ ಹಿಡಿಯುವುದರೊಳಗೆ ಮಾಡು ಇಳಿಸಬೇಕಲ್ಲ, ಅದಕ್ಕೆ. ಕಲ್ಲಯ್ಯ ಸೋಮವಾರದಿಂದ ಜನ ಕರೆದುಕೊಂಡು ಬರ್ತೇನೆ ಅಂದಿದ್ದಾನೆ. ಕಾಗದ ಪತ್ರ ಆಮೇಲೂ ಮಾಡಿಕೊಳ್ಳಬಹುದು. ನೀವು ಮಾತ್ರ ಶನಿವಾರ ಹೊರಟುಬಿಡಿ. ಭಾನುವಾರ ಶ್ರೀಲಕ್ಷ್ಮಿಯ ಶ್ರಾದ್ಧ. ನನಗೂ ಗಡಿಬಿಡಿ, ಅಭಿಜ್ಞಾನೂ ಬರ್ತಾಳೆ…

ಹೌದು. ಬರ್ತಾಳೆ. ಅದೇ ಕೂಸು. ಮೊದಲೇ ಗೊತ್ತಿದ್ದ ಹಾಗಿದೆ ನಿಮ್ಮ ಮುಖ, ಯಾರು ಹೇಳಿದರು?… ಕಲ್ಲಯ್ಯನಾ? ಅವನ ಬಾಯಿಗೂ ಗಾರೆ ಮೆತ್ತಬೇಕು.

ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಮುಗಿಸ್ತಾ ಇದ್ದಾಳೆ. ಈಗ ಹೆರಿಗೆ ವಾರ್ಡಿಗೆ ಹಾಕಿದ್ದಾರಂತೆ. ನಾನೇ ಡಾಕ್ಟರಿಕೆ ಓದಿಸಿದ್ದು ಅಂತ ಜನ ಹೊಗಳ್ತಾರೆ, ನಾನು ಓದಿಸಿದ್ದಲ್ಲ. ‘ನನ್ನ ಅಮ್ಮ ಸತ್ತ ಹಾಗೆ ಇನ್ನೊಬ್ಬರ ಅಮ್ಮ ಸಾಯಬಾರದು’ ಅಂತ ಎಂಟನೇ ಕ್ಲಾಸಿನಲ್ಲೇ ಹಟ ಹಿಡಿದವಳು. ಸಂತೋಷವೇ ಆಗಿತ್ತು ನನಗೆ. ಈಗ ವಾರ್ಡಿಗೆ ಹೋಗಲಿಕ್ಕೆ ಹತ್ತಿದ ಮೇಲೆ ಫೋನಿನಲ್ಲಿ ಬೇರೆ ಥರ ಕೇಳ್ತಾಳೆ. ‘ಅಪ್ಪ, ಆಪರೇಷನ್ ಮಾಡಬೇಕು ಹೇಳಿ ಎಷ್ಟು ಹೊತ್ತಿಗೆ ಹೇಳಿದ್ದ? ಆನು ಹುಟ್ಟಿದ್ದು ಎಷ್ಟು ಹೊತ್ತಿಗೆ? ಮಧ್ಯ ಮೂರೂವರೆ ತಾಸು ಎಂತಕ್ಕೆ ಕಾದ? ಶಿರಸಿಂದ ಡಾಕ್ಟ್ರು ಬಂದಾಗಿತ್ತು ಹೇಳ್ತೆ, ಮತ್ತೆಂತಕ್ಕೆ ಕಾದ?’ ಮನೆಯಲ್ಲಿ ನಮ್ಮ ಭಾಷೆ ಹೀಗೇ, ಆನು ಅಂದರೆ ನಾನು, ಕಾದ ಅಂದರೆ ಕಾದರು, ನಿಮಗೆ ತಿಳೀತದಲ್ಲ. ಮೊನ್ನೆ ಅಂದಳು, ಶ್ರಾದ್ಧ ಮುಗಿಸಿ ಇಲ್ಲಿಗೆ ಬರ್ತಾಳಂತೆ. ನಿಮ್ಮನ್ನು ನೋಡಬೇಕಂತೆ. ಮೊದಲು ಹಾಲು ಕುಡಿ‍ಸಿದವರನ್ನು ಒಂದು ಸಲ ಕೇಳಬೇಕಂತೆ.

ನೋಡಿ, ನೀವು ಎಲ್ಲಿಗೂ ಹೋಗುವುದಿಲ್ಲ ಅಂತಾದರೆ ಹೋಗಬೇಡಿ. ಅವಳು ಬಂದರೆ ಇಷ್ಟು ಹೇಳಿ ಸಾಕು. ‘ನಿನ್ನ ಅಪ್ಪ ಶಿರಸಿಗೆ ರಕ್ತ ತರಲಿಕ್ಕೆ ಹೋಗಿದ್ದರು ಮಗಾ. ಅವರು ಬರುವ ತನಕ ಸಹಿ ಮಾಡುವವರು ಇರಲಿಲ್ಲ. ಡಾಕ್ಟರು ಕಾದರು.’ ನಾನು ಅವಳಿಗೆ ಹೇಳಿದ್ದು ಅದು. ಅಷ್ಟೇ ಹೇಳಿ. ದೊಡ್ಡ ಸುಳ್ಳಲ್ಲ. ನಾನು ಇಲ್ಲಿ ಇರಲಿಲ್ಲ ಅನ್ನುವುದು ಹೌದಲ್ವಾ? ಡಾಕ್ಟರು ಕಾದದ್ದು ಹೌದಲ್ವಾ?

ಹಾಗೆ ನೋಡಬೇಡಿ ಸಾವಿತ್ರವ್ವ. ಹಣ್ಣು ಒಡೆಯಿರಿ. ಇಷ್ಟು ಹೊತ್ತು ಒಡೀತಾ ಇದ್ದಿರಲ್ಲ.

ಬೈಯಿರಿ ಬೇಕಾದರೆ. ಎಂತಾದರೂ ಅನ್ನಿ. ಆವತ್ತು ಅಂದಿದ್ದಿರಲ್ಲ, ದೇವಸ್ಥಾನದ ಕೆರೆಯ ಮೆಟ್ಟಿಲ ಮೇಲೆ… ಓಡಿ ಬಂದಿದ್ದಿರಿ, ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಹೌದು. ಕೆರೆಯ ಮೆಟ್ಟಿಲ ಮೇಲೆ. ಶಿರಸಿಯಲ್ಲಿ ಅಲ್ಲ.

ಬೆಳಿಗ್ಗೆ ಒಂಬತ್ತು ಗಂಟೆಗೆ ಡಾಕ್ಟರಮ್ಮ ಕರೆದರು. ಕೂಸು ಅಡ್ಡ ತಿರುಗಿದೆ, ಈಗಲೇ ಕೊಯ್ದು ತೆಗೀಬೇಕು, ಇಲ್ಲಿ ಸಹಿ ಹಾಕಿ ಅಂದರು. ಶಿರಸಿಯಿಂದ ಅರಿವಳಿಕೆ ಕೊಡುವ ಡಾಕ್ಟರು ಬಂದು ಕೂತಿದ್ದರು. ಎಲ್ಲ ತಯಾರಿತ್ತು. ನನ್ನ ಕಿಸೆಯಲ್ಲಿ ಪಂಚಾಂಗ ಇತ್ತು. ಆವತ್ತು ಮೂಲಾ ನಕ್ಷತ್ರ. ಮೊದಲ ಪಾದದಲ್ಲಿ ಹುಟ್ಟಿದರೆ ತಂದೆಗೆ ಕೇಡು. ಅದು ಬೆಳಗಾಗುವ ಮೊದಲೇ ಮುಗಿದಿತ್ತು. ಒಂಬತ್ತು ಗಂಟೆಗೆ ನಡೀತಾ ಇದ್ದದ್ದು ಎರಡನೇ ಪಾದ. ಎರಡನೇ ಪಾದದಲ್ಲಿ ಹುಟ್ಟಿದ ಕೂಸು ತಾಯಿಯನ್ನು ಉಳಿಸುವುದಿಲ್ಲ ಅಂತ… ತಾಯಿಯನ್ನು, ಸಾವಿತ್ರವ್ವ! ಹನ್ನೆರಡೂ ಹತ್ತಕ್ಕೆ ಅದು ಮುಗೀತಿತ್ತು. ಆಮೇಲೆ ಮೂರನೇ ಪಾದ, ಆಸ್ತಿಗೆ ಕೇಡು. ಆಸ್ತಿ ಹೋದರೆ ಹೋಗಲಿ, ನನ್ನ ಹತ್ತಿರ ಎಂತ ಮಹಾ ಇತ್ತು. ಮೂರು ತಾಸು ಕಾದರೆ ಅವಳು ಬದುಕ್ತಾಳೆ ಅಂತಲೇ ನಾನು ಕಾದದ್ದು. ಮನೆಯವರನ್ನು ಕೇಳಿ ಬರ್ತೇನೆ ಅಂತ ಹೇಳಿ ಕಾಗದ ಕಿಸೆಗೆ ಹಾಕಿಕೊಂಡು ಹೋದೆ. ಇಲ್ಲೇ ಇದ್ದರೆ ಡಾಕ್ಟರಮ್ಮನ ಎದುರು ನನ್ನ ಹಟ ನಿಲ್ಲುತ್ತಿರಲಿಲ್ಲ ಅಂತ ಗೊತ್ತಿತ್ತು. ಕೆರೆಯ ಮೆಟ್ಟಿಲ ಮೇಲೆ ಕೂತು ಜಪ ಮಾಡ್ತಾ ಇದ್ದೆ. ಅವಳಿಗೋಸ್ಕರವೇ ಮಾಡ್ತಾ ಇದ್ದೆ…

ನೀವು ಬಂದಾಗ ಹತ್ತೂವರೆ. ಎಲ್ಲೆಲ್ಲ ಹುಡುಕಿದ್ದಿರೋ. ‘ಡಾಕ್ಟರಮ್ಮ ನಿಮ್ಮ ಹೆಂಡತಿಯನ್ನೇ ಕೇಳಿದರು, ನೀವೇ ಹೆಬ್ಬೆಟ್ಟು ಒತ್ತಿ ತಾಯಿ ಅಂದರು. ನಮ್ಮನೆಯವು ಬರ್ಲಿ, ಅವು ಹೇಳಿದಾಂಗೆ ಆಗ್ಲಿ ಅಂತ ಮುಖ ತಿರುಗಿಸಿದರು’ ಅಂದಿರಿ. ನಾನು, ಹನ್ನೆರಡೂ ಹತ್ತು ಆಗಲಿ ಅಂದೆ. ‘ಹೊಟ್ಟೆಯಲ್ಲಿರೋ ಕೂಸಿಗೆ ಗಡಿಯಾರ ಕಟ್ಟಿದ್ದೀರಾ ಹೆಗಡೇರೇ?’ ಅಂತ ಕೇಳಿದಿರಿ. ಆಮೇಲೆ ಕಾಲು ಹಿಡಿಯಲಿಕ್ಕೆ ಬಗ್ಗಿದಿರಿ. ನಾನು… ಕಾಲು ಹಿಂದೆ ತೆಗೆದೆ. ಜಪದಲ್ಲಿ ಇದ್ದೇನೆ, ಮುಟ್ಟಿದರೆ ಮೈಲಿಗೆ ಆಗ್ತದೆ ಅಂತ.

ಹನ್ನೆರಡೂ ಹತ್ತಕ್ಕೆ ಬಂದು ಸಹಿ ಹಾಕಿದೆ. ಕೂಸು ಬದುಕಿತು. ರಕ್ತ ನಿಲ್ಲಲಿಲ್ಲ.

ಆ ಕಾಗದದ ಹಿಂದುಗಡೆಯೇ ನಾನು ಪೆನ್ಸಿಲಿನಲ್ಲಿ ಘಳಿಗೆ ಗುಣಿಸಿದ್ದೆ. ಪಾದ ಯಾವಾಗ ಮುಗೀತದೆ, ಗಂಟೆಯಲ್ಲಿ ಎಷ್ಟು, ಎಲ್ಲ. ಹಾಗೇ ಡಾಕ್ಟರಮ್ಮನ ಕೈಗೆ ಕೊಟ್ಟೆ. ಅವರು ತಿರುಗಿಸಿ ನೋಡಿದರು. ನನ್ನ ಮುಖವನ್ನೂ ನೋಡಿದರು. ಕೈ ತೊಳೆಯಲಿಕ್ಕೆ ಹೋದರು. ಅದನ್ನು ಅವರು ಯಾರಿಗಾದರೂ ತೋರಿಸಿದ್ದರೆ ಸಾಕಿತ್ತು. ಬೋರ್ಡಿಗೆ ಸಗಣಿ ಬಳಿದವರಿಗೆ ತೋರಿಸಿದ್ದರೆ… ಪೇಟೆಯಲ್ಲಿ ನಾನು ತಲೆ ಎತ್ತುತ್ತಿರಲಿಲ್ಲ. ಯಾಕೆ ತೋರಿಸಲಿಲ್ಲ ಸಾವಿತ್ರವ್ವ? ಇಷ್ಟು ವರ್ಷ ಅವರೂ ಹೇಳಲಿಲ್ಲ, ನೀವೂ ಹೇಳಲಿಲ್ಲ. ನಿಮಗೂ ಹೇಳುವುದು ಬೇಡ ಅಂದಿದ್ದರಾ?

ಕೂಸಿಗೋಸ್ಕರವಾ? ತಾಯಿ ಹೋದಳು, ಅಪ್ಪನಾದರೂ ಅದಕ್ಕೆ ಇರಲಿ ಅಂತಲಾ?…

ಅಳಬೇಡಿ. ಅಯ್ಯೋ, ಅಳಬೇಡಿ ನೀವು. ಇಲ್ಲಿಗೆ ಬರುವಾಗ ಮನಸ್ಸಿನಲ್ಲಿ ಎಂತ ಇತ್ತು ಅಂತ ನನಗೇ ಗೊತ್ತಿರಲಿಲ್ಲ. ಸತ್ತವರಿಗೆ ಮನೆ ಕಟ್ಟಲಿಕ್ಕೆ ಅಂದುಕೊಂಡೇ ಬಂದೆ. ದೇವರ ಮುಂದೆಯೂ ಹಾಗೇ ಹೇಳಿಕೊಂಡೆ. ಭಾನುವಾರ ಅವಳು ಬರುವಾಗ ನೀವು ಇಲ್ಲಿ ಇರಬಾರದು, ನನಗೆ ಬೇಕಾದದ್ದು ಅಷ್ಟೇ.

ಎಲ್ಲಿಗೂ ಹೋಗಬೇಡಿ. ಗಾಡಿಯವನಿಗೆ ಬೇಡ ಅಂತ ಹೇಳ್ತೇನೆ. ಮನೆ ಕೊಡುವುದು ಬಿಡುವುದು ಆಮೇಲೆ. ಭಾನುವಾರ ಊಟ ಆದ ಮೇಲೆ ಅವಳನ್ನು ನಾನೇ ಕರೆದುಕೊಂಡು ಬರ್ತೇನೆ. ಇಲ್ಲಿ ನಿಮ್ಮ ಎದುರು ಕೂತು ಹೇಳ್ತೇನೆ. ಆವತ್ತು ಹೊಳೆಯ ದಂಡೆಯಲ್ಲಿ ಬಾಯಿಯ ತನಕ ಬಂದು ನಿಂತದ್ದು ಇದೇ ಮಾತು. ಒಬ್ಬನೇ ಮನೆಯಲ್ಲಿ ಹೇಳಲಿಕ್ಕೆ ಹೊರಟರೆ ನಾನು ಮತ್ತೆ ರಕ್ತ ತರಲಿಕ್ಕೆ ಶಿರಸಿಗೆ ಹೋಗಿಬಿಡ್ತೇನೆ ಸಾವಿತ್ರವ್ವ. ನೀವು ಎದುರಿಗೆ ಇದ್ದರೆ ಅದು ಆಗುವುದಿಲ್ಲ. ಒಂಬತ್ತು ಗಂಟೆಗೆ ಡಾಕ್ಟರಮ್ಮ ಕರೆದರು ಅನ್ನುವ ತನಕ ನಾನು ಹೇಳ್ತೇನೆ. ಕಾಗದ ಕಿಸೆಗೆ ಹಾಕಿಕೊಂಡೆ ಅನ್ನುವ ತನಕವೂ ಹೇಳಿಯೇನು. ಅಲ್ಲಿಂದ ಮುಂದೆ ಬಾಯಿ ಕಟ್ಟಿದರೆ ನೀವು ಹೇಳಬೇಕು.

ಆಗ್ತದಾ? ಹ್ಞೂಂ ಅನ್ನಿ… ಒಂದು ಸಲ ಹ್ಞೂಂ ಅನ್ನಿ.